ದೊಡ್ಡ ಮಕ್ಕಳ ಕೈಲಿ ಚಿಕ್ಕವರಿಗೆ ಆಟ ಆಡಿಸೋದು: ನಿಮ್ಮ ಶಾಲೆಯಲ್ಲಿ ಹೇಗೆ ಮಾಡ್ತೀರಿ?

ಹಾಸನದ ಟೀಚರ್

ಎಲ್ಲರಿಗೂ ನಮಸ್ಕಾರ. ಹಾಸನ ಜಿಲ್ಲೆಯ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಟೀಚರ್ ಆಗಿದ್ದೀನಿ. ಒಂದರಿಂದ ಏಳರವರೆಗೆ 94 ಮಕ್ಕಳು, ನಾವು ನಾಲ್ಕು ಜನ. ಪಿಟಿ ಮೇಷ್ಟ್ರ ಹುದ್ದೆ ನಮ್ಮ ಶಾಲೆಗಿಲ್ಲ. ಬಿಸಿಯೂಟ ಮುಗಿದು ತಟ್ಟೆ ತೊಳೆದ ಮೇಲೆ ಗಂಟೆ ಹೊಡೆಯೋವರೆಗೆ ಅರ್ಧ ಗಂಟೆ ಸಿಗುತ್ತೆ. ಆ ಅರ್ಧ ಗಂಟೆಯದ್ದೇ ನನಗೆ ಚಿಂತೆ.

ಇರೋದೊಂದೇ ಬಯಲು. ಅದರ ನಡುಮಧ್ಯೆ ಆರು-ಏಳನೇ ತರಗತಿ ಹುಡುಗರ ಕ್ರಿಕೆಟ್. ಅದೇ ತರಗತಿಯ ಹುಡುಗಿಯರು ಜಗಲಿ ಮೇಲೆ ಕೂತಿರ್ತಾರೆ. ನಲಿ-ಕಲಿ (ಒಂದರಿಂದ ಮೂರನೇ ತರಗತಿ) ಮಕ್ಕಳಿಗೆ ಜಾಗವೂ ಇಲ್ಲ, ಆಟವೂ ಗೊತ್ತಿಲ್ಲ. ಒಬ್ಬರನ್ನೊಬ್ಬರು ಅಟ್ಟಿಸಿಕೊಂಡು ಓಡ್ತಾರೆ, ಬೀಳ್ತಾರೆ, ಅಳ್ತಾ ನನ್ನ ಹತ್ರ ಬರ್ತಾರೆ. ದಸರಾ ರಜೆ ಮುಗಿದು ಶಾಲೆ ಶುರುವಾದ ವಾರವೇ ಎರಡನೇ ತರಗತಿ ಮಗುವಿನ ಹುಬ್ಬಿಗೆ ಚೆಂಡು ಬಡಿದು ಕಣ್ಣು ಮುಚ್ಚುವಷ್ಟು ಊದಿಕೊಂಡಿತು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಮಾರನೇ ವಾರ ಆರು-ಏಳನೇ ತರಗತಿಯಿಂದ ಹನ್ನೆರಡು ಮಕ್ಕಳನ್ನ ಆರಿಸಿ, ಊಟ ಆದ ಮೇಲೆ ಪುಟ್ಟ ಮಕ್ಕಳಿಗೆ ಆಟ ಆಡಿಸಿ ಅಂತ ಹೇಳಿದೆ. ಎರಡು ವಾರ ಆಯ್ತು. ಬೀಳೋದು, ಅಳೋದು ಕಡಿಮೆ ಆಗಿದೆ ಅನ್ನೋದು ನಿಜ. ಆದರೆ ಮೂರು ತೊಂದರೆ ಎದ್ದಿವೆ. ಒಬ್ಬ ಹುಡುಗ ಹೊಂಗೆ ಕೋಲು ಹಿಡಿದು ಪುಟಾಣಿಗಳನ್ನ ಸಾಲಲ್ಲಿ ನಿಲ್ಲಿಸೋದನ್ನೇ ಆಟ ಅಂದ್ಕೊಂಡಿದ್ದಾನೆ. ಕೆರೆ-ದಡ (ಕೆರೆ ಅಂದರೆ ಗೆರೆಯೊಳಗೆ, ದಡ ಅಂದರೆ ಹೊರಗೆ ಹಾರೋ ಆಟ) ಆಡಿಸಿದರೆ ಒಂದನೇ ತರಗತಿಯವರು ಮೊದಲನೇ ನಿಮಿಷಕ್ಕೇ ಔಟ್ ಆಗಿ ಅಳ್ತಾ ಕೂರ್ತಾರೆ. ಮೂರನೇದು, ಒಬ್ಬ ತಾಯಿ ಶಾಲೆಗೇ ಬಂದು, "ನಮ್ಮ ಹುಡುಗಿ ಮನೇಲೂ ಮಕ್ಕಳನ್ನ ನೋಡ್ಕೋತಾಳೆ, ಇಲ್ಲೂ ಅದೇನಾ ಮಿಸ್?" ಅಂತ ಕೇಳಿದರು. ನನಗೆ ಉತ್ತರ ಹೊಳೆಯಲಿಲ್ಲ.

ಇದನ್ನ ಬಿಡೋಕೆ ಮನಸ್ಸಿಲ್ಲ. ಮಾಡಿ ನೋಡಿದವರು ದಯವಿಟ್ಟು ಹೇಳಿ.

ನಿವೃತ್ತ ಪಿಟಿ ಮೇಷ್ಟ್ರು, ತುಮಕೂರು

ತಾಯಿ, ಮೊದಲು ಆ ಕೋಲು ಬಿಡಿಸಿ. ಅದು ಆ ಹುಡುಗನ ತಪ್ಪಲ್ಲ. ಮುಂದೆ ನಿಂತವರ ಕೈಲಿ ಕೋಲಿರಬೇಕು ಅಂತ ಅವನು ಎಲ್ಲೋ ನೋಡಿ ಕಲಿತಿದ್ದಾನೆ. ಬೈಯ್ಯಬೇಡಿ. ಕೋಲು ತಗೊಂಡು ಅದೇ ಕೈಗೆ ಸುಣ್ಣದ ಪುಡಿ ಡಬ್ಬಿ ಕೊಡಿ. ವೃತ್ತ ಹಾಕೋನು, ಗೆರೆ ಎಳೆಯೋನು ನೀನೇ ಅನ್ನಿ. ನಾನು ಹೀಗೆ ಎಷ್ಟು ಹುಡುಗರ ಕೋಲು ಬಿಡಿಸಿದ್ದೀನೋ ಲೆಕ್ಕ ಇಲ್ಲ. ಗೆರೆ ಎಳೆದವನಿಗೆ ಆ ಗೆರೆಯೊಳಗಿನ ಆಟದ ಮೇಲೆ ತಾನಾಗೇ ಅಕ್ಕರೆ ಬರುತ್ತೆ.

ಇನ್ನು ನೀವು ಮಾಡಿದ ಒಂದು ಅವಸರ ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಹನ್ನೆರಡು ಮಕ್ಕಳನ್ನ ಆರಿಸಿದ ದಿನವೇ ಚಿಕ್ಕವರನ್ನ ಒಪ್ಪಿಸಿಬಿಟ್ಟಿರಿ. ಒಂದು ವಾರ ಚಿಕ್ಕ ಮಕ್ಕಳನ್ನ ಕರೆಯಲೇಬಾರದಿತ್ತು. ಆ ವಾರ ದೊಡ್ಡ ಮಕ್ಕಳಲ್ಲೇ ಒಬ್ಬರು ಆಡಿಸಬೇಕು, ಉಳಿದವರು ಒಂದನೇ ತರಗತಿಯವರ ಹಾಗೆ ಕೂರಬೇಕು. ಬೇಕಂತಲೇ ತಪ್ಪು ಮಾಡಬೇಕು, ಅಳಬೇಕು, ಎದ್ದು ಓಡಬೇಕು. ಮಕ್ಕಳಿಗೆ ಇದು ಬಹಳ ಖುಷಿ. ಆಡಿಸೋ ಹುಡುಗನಿಗೆ ಅಲ್ಲೇ ಗೊತ್ತಾಗುತ್ತೆ, ಬರೀ ಬಾಯಲ್ಲಿ ಹೇಳಿದರೆ ಯಾರೂ ಕೇಳಲ್ಲ, ತಾನೇ ಕುಣಿದು ತೋರಿಸಬೇಕು ಅಂತ. ಆರು ವರ್ಷದ ಮಗು ಆಟ ಕಲಿಯೋದು ಕಿವಿಯಿಂದಲ್ಲ, ಕಾಲಿನಿಂದ.

ಎಂಟು-ಹತ್ತು ಚಿಕ್ಕ ಮಕ್ಕಳಿಗೆ ದೊಡ್ಡವರು ಇಬ್ಬರಿರಲಿ. ಒಬ್ಬರು ಒಳಗೆ ಸೇರಿ ಆಡೋಕೆ, ಇನ್ನೊಬ್ಬರು ಹೊರಗೆ ನಿಂತು ನೋಡೋಕೆ. ಊಟ ಆದ ತಕ್ಷಣ ಓಟದ ಆಟ ಬೇಡ. ಮೊದಲ ಹತ್ತು ನಿಮಿಷ ಕೂತು ಆಡೋದು ಆಡಿಸಿ, ಆಮೇಲೆ ಎಬ್ಬಿಸಿ.

ಔಟ್ ವಿಷಯ ದೊಡ್ಡದಿದೆ, ಸಂಜೆ ಬರೀತೀನಿ.

ಗಾರ್ಮೆಂಟ್ಸ್ ಅಮ್ಮ

ನಿಮ್ಮ ಶಾಲೆಗೆ ಬಂದ ತಾಯಿ ನಾನಲ್ಲ ಮಿಸ್, ನಮ್ಮೂರು ಮಂಡ್ಯದ ಕಡೆ. ಆದರೆ ಆ ತಾಯಿ ಕೇಳಿದ್ದು ಸರಿ ಇದೆ.

ನಾನು ಗಾರ್ಮೆಂಟ್ಸ್‌ಗೆ ಹೋಗ್ತೀನಿ. ಏಳು ಗಂಟೆಗೆ ನಮ್ಮ ಗಾಡಿ ಬರುತ್ತೆ. ತಮ್ಮನಿಗೆ ಸ್ನಾನ ಮಾಡಿಸೋದು, ತಲೆ ಬಾಚೋದು, ಶಾಲೆಗೆ ಕೈ ಹಿಡ್ಕೊಂಡು ಹೋಗೋದು ಎಲ್ಲಾ ನನ್ನ ಮಗಳೇ. ಅವಳೂ ಏಳನೇ ತರಗತಿ. ಸಂಜೆ ನಾನು ಬರೋವರೆಗೆ ಅವನು ಅವಳ ಸೊಂಟ ಬಿಡಲ್ಲ. ಅವಳಿಗೆ ಅಂತ ಸಿಗೋದು ಮಧ್ಯಾಹ್ನದ ಆ ಅರ್ಧ ಗಂಟೆ ಮಾತ್ರ. ಅದರಲ್ಲೂ ಮಕ್ಕಳನ್ನ ನೋಡ್ಕೋ ಅಂದ್ರೆ ಅವಳು ಯಾವಾಗ ಹುಡುಗಿಯಾಗಿರೋದು?

ಇಂಥ ಕೆಲಸಕ್ಕೆ ಕರೆಯುವಾಗ ಮೊದಲು ಹೆಣ್ಣುಮಕ್ಕಳನ್ನೇ ಕರೀತಾರೆ. "ಅವಳು ಜವಾಬ್ದಾರಿ ಹುಡುಗಿ" ಅಂತಾರೆ. ಮನೇಲಿ ಮಾಡಿ ಮಾಡಿ ಜವಾಬ್ದಾರಿ ಬಂದಿದೆ, ಹುಟ್ಟಿನಿಂದ ಬಂದಿದ್ದಲ್ಲ.

ಹಾಸನದ ಟೀಚರ್

ಅಮ್ಮಾ, ನಿಮ್ಮ ಮಾತು ಓದಿ ಹಾಜರಿ ಪುಸ್ತಕ ತೆಗೆದು ನೋಡಿದೆ. ಹನ್ನೆರಡರಲ್ಲಿ ಒಂಬತ್ತು ಜನ ಹುಡುಗಿಯರು. ಬೇಕಂತ ಮಾಡಿದ್ದಲ್ಲ. ಯಾರು ಮಾತು ಕೇಳ್ತಾರೆ ಅಂತ ಯೋಚಿಸಿದೆ, ಕೈ ತಾನಾಗೇ ಆ ಕಡೆ ಹೋಗಿದೆ. ಹುಡುಗರ ಕ್ರಿಕೆಟ್ ಹಾಗೇ ನಡೀತಾ ಇದೆ, ಜಗಲಿ ಮೇಲೆ ಕೂತಿದ್ದ ಹುಡುಗಿಯರನ್ನ ಎಬ್ಬಿಸಿ ಕೆಲಸಕ್ಕೆ ಹಚ್ಚಿದ್ದೀನಿ. ಹೀಗೆ ಬರೆದು ನೋಡಿದಾಗ ನನಗೇ ಕಾಣ್ತಾ ಇದೆ. ಇದನ್ನ ಸರಿ ಮಾಡ್ತೀನಿ.

ಧಾರವಾಡದ ಕಡೆಯಾಂವ

ಅಕ್ಕೋರ, ನನ್ನ ಮಾತು ಕೇಳ್ರಿ. ಭಾಳ ಶ್ಯಾಣ್ಯಾ ಹುಡುಗೂರನ್ನ ಆರಸಬ್ಯಾಡ್ರಿ. ಉಡಾಳ ಹುಡುಗೂರನ್ನ ಆರಸ್ರಿ.

ಏಳನೇ ಇಯತ್ತೆ ಇದ್ದಾಗ ನಾ ಅಂಥಾವಾ ಇದ್ದೆ. ದಿನಾ ಒಂದ ಜಗಳ, ದಿನಾ ಒಂದ ಫಿರ್ಯಾದಿ. ನಮ್ಮ ಗುರುಗಳು ಒಂದಿನ ಕರದು, "ನಾಳಿಂದ ಒಂದನೇ ಇಯತ್ತೆ ಹುಡುಗೂರಿಗೆ ಲಗೋರಿ ಕಲಸೋದು ನಿನ್ನ ಕೆಲಸ" ಅಂದ್ರು. ಅವರ ಕೈಗೆ ಏಳ ಕಲ್ಲ ನಿಲ್ಲತಿರಲಿಲ್ಲ. ನಾನ ಕುಂತ ಮೂರ ಕಲ್ಲಿನ ಲಗೋರಿ ಮಾಡಿದೆ. ಚಪ್ಪಟ್ಟ ಕಲ್ಲ ಹುಡಕಲಿಕ್ಕೆ ಹಳ್ಳದ ತನಕಾ ಹೋಗಿದ್ದೆ. ಚೆಂಡ ಜೋರ ಹೊಡದ್ರ ಅಳತಾವ ಅಂತ ಹಳೇ ಕಾಲಚೀಲದಾಗ ಅರಬಿ ತುಂಬಿ ಮೆತ್ತಗಿನ ಚೆಂಡ ಹೊಲದೆ. ನಮ್ಮವ್ವಗ ನಂಬಿಕಿನ ಬರಲಿಲ್ಲ, ಈ ಹುಡುಗ ಸೂಜಿ ಹಿಡದಾನು ಅಂತ.

ಅದರಾಗ ಒಂದ ಸಣ್ಣ ಹುಡುಗಿ ಇದ್ದಳು, ಮಾತ ಆಡತಿರಲಿಲ್ಲ. ಯಾರ ಕೂಡನೂ ಇಲ್ಲ. ಮೂರನೇ ವಾರಕ್ಕ ಮೂರೂ ಕಲ್ಲ ಒಟ್ಟಿ ನಿಲ್ಲಿಸಿ "ಲಗೋರಿ!" ಅಂತ ಒದರಿದಳು. ಗುರುಗಳು ಖೋಲ್ಯಾಗಿಂದ ಹೊರಗ ಓಡಿ ಬಂದ್ರು. ನನಗ ಈಗ ನಲವತ್ತೈದ ವರ್ಷ. ಆ ದನಿ ಇನ್ನೂ ಕಿವ್ಯಾಗ ಐತಿ.

ಎಸ್‌ಡಿಎಂಸಿ (ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯ

ಎಲ್ಲ ಚೆನ್ನಾಗಿದೆ. ಆದರೆ ಒಂದು ಮಗು ಬಿದ್ದು ಕೈ ಮುರಿದುಕೊಂಡರೆ ಯಾರು ಹೊಣೆ? ಹನ್ನೆರಡು ವರ್ಷದ ಹುಡುಗನಾ? ನಮ್ಮ ಶಾಲೆಯಲ್ಲಿ ಹೀಗೇ ಆಯ್ತು. ಟೀಚರ್‌ಗಳು ಒಳಗೆ ದಾಖಲೆ ಬರೀತಾ ಕೂತಿದ್ದರು. ಮಗು ಜಾರಿ ಬಿತ್ತು. ಊರಿನವರೆಲ್ಲ ಆಡಿಸುತ್ತಿದ್ದ ಹುಡುಗನನ್ನ ಬೈದರು. ಆ ಹುಡುಗ ಎರಡು ದಿನ ಶಾಲೆಗೇ ಬರಲಿಲ್ಲ.

ಇನ್ನೊಂದು ಮಾತು. ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯಲ್ಲಿ ಪ್ರತಿ ಶಾಲೆಗೂ ಆಟದ ಮೈದಾನ ಇರಬೇಕು ಅಂತಿದೆ, ಆಟದ ಸಾಮಗ್ರಿ ಕೊಡಬೇಕು ಅಂತಿದೆ. ದೈಹಿಕ ಶಿಕ್ಷಣದ ವಿಷಯಕ್ಕೆ ಬಂದರೆ, ಆರರಿಂದ ಎಂಟನೇ ತರಗತಿಗಳಲ್ಲಿ 100ಕ್ಕಿಂತ ಹೆಚ್ಚು ಮಕ್ಕಳಿದ್ದರೆ ಅರೆಕಾಲಿಕ ಬೋಧಕರು ಅಂತಿದೆ. ನಮ್ಮ ಹಳ್ಳಿ ಶಾಲೆಗಳಲ್ಲಿ ಅಷ್ಟು ಮಕ್ಕಳು ಎಲ್ಲಿ ಬರಬೇಕು? ಹೀಗೆ ಮಕ್ಕಳ ಕೈಲೇ ಆಡಿಸುತ್ತಾ ಹೋದರೆ, "ನಿಮ್ಮಲ್ಲಿ ನಡೀತಾ ಇದೆಯಲ್ಲ" ಅಂತ ಪಿಟಿ ಮೇಷ್ಟ್ರನ್ನ ಕೇಳುವ ದಾರಿಯೂ ಮುಚ್ಚುತ್ತೆ.

ನಿವೃತ್ತ ಪಿಟಿ ಮೇಷ್ಟ್ರು, ತುಮಕೂರು

ಸದಸ್ಯರ ಮಾತಿಗೆ ನನ್ನ ಪೂರ್ತಿ ಒಪ್ಪಿಗೆ ಇದೆ. ಆಡಿಸೋದು ಮಗು, ಹೊಣೆ ಟೀಚರ್‌ದು. ಇದರಲ್ಲಿ ಎರಡು ಮಾತಿಲ್ಲ. ನಾಲ್ಕು ಜನ ಟೀಚರ್‌ಗಳಲ್ಲಿ ದಿನಕ್ಕೊಬ್ಬರು ಬಯಲಲ್ಲಿ ನಿಂತಿರಲೇಬೇಕು. ಕೈಲಿ ಮೊಬೈಲ್ ಇರಬಾರದು. ಸುಮ್ಮನೆ ನಿಂತಿದ್ದರೂ ಸಾಕು, ದೊಡ್ಡ ಮಕ್ಕಳಿಗೆ ಧೈರ್ಯ. ಮಗು ಬಿದ್ದರೆ ಏನು ಮಾಡಬೇಕು ಅಂತ ಆಡಿಸುವ ಮಕ್ಕಳಿಗೆ ಒಂದೇ ಪಾಠ ಹೇಳಿಕೊಡಿ: ಎತ್ತಬೇಡ, ಎಳೆಯಬೇಡ, ಒಬ್ಬರು ಪಕ್ಕದಲ್ಲಿ ಕೂರಿ, ಒಬ್ಬರು ಟೀಚರನ್ನ ಕರೀರಿ.

ಈಗ ಔಟ್ ವಿಷಯಕ್ಕೆ ಬರ್ತೀನಿ. ಟೀಚರಮ್ಮ ಬರೆದ ಆ ಅಳುವ ಮಕ್ಕಳ ಮಾತು ನನ್ನನ್ನ ಬಿಡಲಿಲ್ಲ.

ಕೆರೆ-ದಡದಲ್ಲಿ ಮೊದಲು ಔಟ್ ಆಗೋರು ಯಾರು? ಎಲ್ಲರಿಗಿಂತ ಚಿಕ್ಕವರು. ಆಮೇಲೆ ಹತ್ತು ನಿಮಿಷ ಸುಮ್ಮನೆ ಕೂರೋರೂ ಅವರೇ. ಯಾರಿಗೆ ಜಾಸ್ತಿ ಆಡಿ ಕಲಿಯಬೇಕಿತ್ತೋ ಅವರಿಗೇ ಆಟ ಕಡಿಮೆ. ದೊಡ್ಡವರ ಪಂದ್ಯದಲ್ಲಿ ಔಟ್ ಇರಲಿ. ಒಂದು-ಎರಡನೇ ತರಗತಿಗೆ ಬೇರೆ ದಾರಿ ಮಾಡಿ. ಸುಣ್ಣದಲ್ಲಿ ಎರಡು ವೃತ್ತ ಹಾಕಿಸಿ. ಈ ಕೆರೆಯಲ್ಲಿ ತಪ್ಪಿದ ಮಗು ಆ ಕೆರೆಗೆ ಹೋಗಿ ಆಡಲಿ, ಅಲ್ಲಿ ತಪ್ಪಿದರೆ ಮತ್ತೆ ಇಲ್ಲಿಗೆ ಬರಲಿ. ಯಾರೂ ಕೂರೋ ಹಾಗಿಲ್ಲ. ಇಲ್ಲವೇ ತಪ್ಪಿದ ಮಗುವೇ ಮುಂದಿನ ಸಲ "ಕೆರೆ" "ದಡ" ಅಂತ ಕೂಗಲಿ. ಕೂಗೋಕೆ ಸಿಗುತ್ತೆ ಅಂತ ಕೆಲವು ಬೇಕಂತಲೇ ತಪ್ಪುತ್ತವೆ. ತಪ್ಪಲಿ ಬಿಡಿ.

ಟೋಪಿ ಆಟದಲ್ಲಿ ಹೇಗೂ ಯಾರೂ ಹೊರಗೆ ಹೋಗಲ್ಲ. ಬೆನ್ನ ಹಿಂದೆ ಕರವಸ್ತ್ರ ಬಿದ್ದವರು ಎದ್ದು ಓಡ್ತಾರೆ, ಅದನ್ನ ಹಾಕಿದವರು ಆ ಜಾಗದಲ್ಲಿ ಕೂರ್ತಾರೆ. ಆಡಿಸುವ ಹುಡುಗ ನೋಡಬೇಕಾದ್ದು ಒಂದೇ, ಯಾರ ಹಿಂದೆ ಇನ್ನೂ ಟೋಪಿ ಬಿದ್ದಿಲ್ಲ ಅಂತ. ಪ್ರತಿ ಗುಂಪಿನಲ್ಲೂ ಯಾರೂ ಟೋಪಿ ಹಾಕದ ಮಗು ಒಂದಿರುತ್ತೆ.

ಹುಲಿ-ಹಸು ಇನ್ನೂ ಒಳ್ಳೇದು. ಕೈ ಕೈ ಹಿಡಿದು ಸುತ್ತ ನಿಂತವರೆಲ್ಲ ಹಸುವನ್ನ ಕಾಯುವವರು. ಐದು ವರ್ಷದ ಮಗುವಿನ ಪುಟ್ಟ ಕೈ ಬಿಟ್ಟರೂ ಬೇಲಿ ಹರಿಯುತ್ತೆ. ಅಲ್ಲಿ ಯಾರೂ ಲೆಕ್ಕಕ್ಕಿಲ್ಲದವರಲ್ಲ.

ಹಳೇ ವಿದ್ಯಾರ್ಥಿ, ಮೈಸೂರು

ಮೇಷ್ಟ್ರೇ, "ಲೆಕ್ಕಕ್ಕಿಲ್ಲ" ಅಂದಿರಲ್ಲ, ಅದರ ಬಗ್ಗೆ ಒಂದು ಮಾತು.

ನಮ್ಮ ಬೀದಿಯಲ್ಲಿ ಚಿಕ್ಕವರನ್ನ ಸೇರಿಸಿಕೊಳ್ಳುವಾಗ ದೊಡ್ಡವರು "ಇವನು ಆಟಕ್ಕುಂಟು ಲೆಕ್ಕಕ್ಕಿಲ್ಲ" ಅಂತ ಮೊದಲೇ ಹೇಳಿಬಿಡುತ್ತಿದ್ದರು. ಈಗ ಆ ಮಾತನ್ನ ಕೆಲಸಕ್ಕೆ ಬಾರದವರಿಗೆ ಅಂತೀವಿ. ಆದರೆ ಆಟದಲ್ಲಿ ಅದು ಕರುಣೆ. ಆ ಮಗು ಓಡಬಹುದು, ಅವಿತುಕೊಳ್ಳಬಹುದು, ಕಿರುಚಬಹುದು, ಯಾರೂ ಅವನನ್ನ ಔಟ್ ಮಾಡುವ ಹಾಗಿಲ್ಲ. ಅವನಿಂದ ಯಾವ ಪಕ್ಷಕ್ಕೂ ನಷ್ಟವಿಲ್ಲ. ಐದು ವರ್ಷದವನಿದ್ದಾಗ ನನಗೆ ಅದು ಅರಮನೆ.

ಏಳು ವರ್ಷಕ್ಕೆ ಅದೇ ಮಾತು ಚುಚ್ಚತೊಡಗಿತು. ಮರಕೋತಿ ಆಟದಲ್ಲಿ ದೊಡ್ಡ ಹುಡುಗನನ್ನ ನಿಜವಾಗಿ ಮುಟ್ಟಿದ್ದೆ. "ನೀನು ಲೆಕ್ಕಕ್ಕಿಲ್ಲ ಹೋಗೋ" ಅಂದರು. ಮನೆಗೆ ಹೋಗಿ ಊಟ ಮಾಡಲಿಲ್ಲ. ಮಾರನೇ ದಿನ ಎದುರುಮನೆ ಅಕ್ಕ ಎಲ್ಲರ ಮುಂದೆ, "ಇವತ್ತಿಂದ ಇವನು ಲೆಕ್ಕಕ್ಕುಂಟು" ಅಂತ ಹೇಳಿದಳು. ಮೊದಲನೇ ಸುತ್ತಲ್ಲೇ ಸಿಕ್ಕಿಬಿದ್ದೆ, ಆದರೂ ಎದೆ ಉಬ್ಬಿತ್ತು.

ಯಾವ ಮಗುವನ್ನ ಯಾವ ದಿನ ಲೆಕ್ಕಕ್ಕೆ ತಗೋಬೇಕು ಅನ್ನೋದು ಆ ಅಕ್ಕನಿಗೆ ಗೊತ್ತಿತ್ತು. ಟೀಚರ್‌ಗಳಿಗೆ ಅದು ಅಷ್ಟು ಬೇಗ ಗೊತ್ತಾಗಲ್ಲ ಅನಿಸುತ್ತೆ, ಯಾಕಂದರೆ ಟೀಚರ್ ಆಟದ ಹೊರಗಿರ್ತಾರೆ. ದೊಡ್ಡ ಮಕ್ಕಳೇ ಆಡಿಸಬೇಕು ಅಂತ ನಾನು ಹೇಳೋದು ಈ ಒಂದು ಕಾರಣಕ್ಕೆ.

ಹಾಸನದ ಟೀಚರ್

ಇದನ್ನ ನಾಳೆ ನನ್ನ ಮಕ್ಕಳಿಗೆ ಓದಿ ಹೇಳ್ತೀನಿ.

ಡಿ.ಇಎಲ್.ಇಡಿ (ಶಿಕ್ಷಕರ ತರಬೇತಿ) ವಿದ್ಯಾರ್ಥಿನಿ

ಮೇಡಂ, ನಿಮ್ಮ ಪುಟ್ಟ ಮಕ್ಕಳಿಗೆ ಇದು ಹೊಸದೇನಲ್ಲ. ನಲಿ-ಕಲಿ ಕೋಣೆಯಲ್ಲಿ ಐದು ತಟ್ಟೆ, ಅಂದರೆ ಮಕ್ಕಳು ಕೂರೋ ಐದು ಗುಂಪು ಇರುತ್ತಲ್ಲ, ಅದರಲ್ಲಿ ಸಹಪಾಠಿಗಳ ಬೆಂಬಲದಿಂದ ಕಲಿಯೋ ತಟ್ಟೆಯೂ ಇದೆ. 1995ರಲ್ಲಿ ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ ಶುರುವಾದಾಗಿನಿಂದ ಬೇರೆ ಬೇರೆ ತರಗತಿಯ ಮಕ್ಕಳು ಒಟ್ಟಿಗೆ ಕೂರೋದೇ ಅದರ ಜೀವ. ಆ ಅಭ್ಯಾಸ ಕೋಣೆಯಿಂದ ಬಯಲಿಗೆ ಬರಬೇಕು ಅಷ್ಟೇ.

ಎಸ್‌ಡಿಎಂಸಿ ಸರ್ ಹೇಳಿದ ಭಯಕ್ಕೂ ಒಂದು ಹಳೇ ಕಥೆ ಇದೆ. 18ನೇ ಶತಮಾನದ ಕೊನೆಯಲ್ಲಿ ಮದ್ರಾಸಿನಲ್ಲಿ ಅನಾಥ ಬಾಲಕರ ಶಾಲೆ ನೋಡಿಕೊಳ್ಳುತ್ತಿದ್ದ ಆಂಡ್ರ್ಯೂ ಬೆಲ್ ಎಂಬಾತ, ಇಲ್ಲಿನ ಮಕ್ಕಳು ಮರಳಿನ ಮೇಲೆ ಬೆರಳಿಂದ ಅಕ್ಷರ ತಿದ್ದುವುದನ್ನ ನೋಡಿದ. ಅದನ್ನ ತನ್ನ ಶಾಲೆಗೆ ತಂದು, ದೊಡ್ಡ ಹುಡುಗರ ಕೈಲೇ ಚಿಕ್ಕವರಿಗೆ ಕಲಿಸಿದ. ಇಂಗ್ಲೆಂಡಿಗೆ ಮರಳಿ 1797ರಲ್ಲಿ ಅದರ ಬಗ್ಗೆ ಬರೆದ. ಅಲ್ಲಿ ಅದು "ಮದ್ರಾಸ್ ಪದ್ಧತಿ" ಅಂತಲೇ ಹೆಸರಾಯ್ತು. ಆದರೆ ಅಲ್ಲಿ ಅದು ಹಬ್ಬಿದ್ದು ಮುಖ್ಯವಾಗಿ ಖರ್ಚು ಕಡಿಮೆ ಅಂತ. ಒಬ್ಬ ಮೇಷ್ಟ್ರು, ನೂರಾರು ಮಕ್ಕಳು, ನಡುವೆ ಮಾನಿಟರ್ ಹುಡುಗರು. ಮೇಷ್ಟ್ರ ಬದಲು ಮಗುವನ್ನ ನಿಲ್ಲಿಸಿದರೆ ಮಾನಿಟರ್ ಹುಡುಗನಿಗೂ ಕಲಿಕೆ ಇಲ್ಲ, ಚಿಕ್ಕವನಿಗೂ ಇಲ್ಲ. ಮೇಷ್ಟ್ರ ಜೊತೆಗೆ ನಿಲ್ಲಿಸಿದರೆ ಇಬ್ಬರಿಗೂ ಇದೆ ಅಂತ ನನಗನಿಸುತ್ತೆ.

ಇಂಗ್ಲೆಂಡಿನಲ್ಲಿರೋ ಕನ್ನಡಿಗ

ಇಲ್ಲಿನ ಪ್ರಾಥಮಿಕ ಶಾಲೆಗಳಲ್ಲಿ ಇದು ಸಾಮಾನ್ಯ. ನನ್ನ ಮಗಳು ಕಳೆದ ವರ್ಷ ಪ್ಲೇ ಲೀಡರ್ ಆಗಿದ್ದಳು. ಹತ್ತು ವರ್ಷದ ಮಕ್ಕಳು ಬಣ್ಣದ ಟೋಪಿ ಹಾಕ್ಕೊಂಡು ಐದಾರು ವರ್ಷದವರನ್ನ ಆಡಿಸ್ತಾರೆ. ಗಾರ್ಮೆಂಟ್ಸ್ ಅಮ್ಮ ಕೇಳಿದ ಪ್ರಶ್ನೆಗೆ ಇಲ್ಲಿ ಕಂಡಿದ್ದನ್ನ ಹೇಳ್ತೀನಿ.

ಮೊದಲನೇದು, ಯಾರನ್ನೂ ಆರಿಸಲ್ಲ. ಇಷ್ಟ ಇದ್ದವರು ಯಾಕೆ ಬೇಕು ಅಂತ ಎರಡು ಸಾಲು ಬರೆದು ಕೊಡಬೇಕು. ಎರಡನೇದು ಸರದಿ. ನನ್ನ ಮಗಳ ಪಾಳಿ ವಾರಕ್ಕೆ ಒಂದೇ ದಿನ. ಮಿಕ್ಕ ನಾಲ್ಕು ದಿನ ಅವಳೂ ಗೆಳತಿಯರ ಜೊತೆ ಓಡಾಡಿಕೊಂಡಿದ್ದಳು. ಬೇಡ ಅನಿಸಿದರೆ ಬಿಡಬಹುದು, ಯಾರೂ ಮುಖ ಊದಿಸಿಕೊಳ್ಳಲ್ಲ. ಊಟದ ಹೊತ್ತಲ್ಲಿ ನೋಡಿಕೊಳ್ಳೋಕೆ ಅಂತಲೇ ಸಂಬಳದ ದೊಡ್ಡವರು ಬಯಲಲ್ಲಿ ಇದ್ದೇ ಇರ್ತಾರೆ.

ಆ ಬಯಲಲ್ಲಿ ಒಂದು ಬೆಂಚಿದೆ. ಆಡೋಕೆ ಯಾರೂ ಸಿಗದ ಮಗು ಅಲ್ಲಿ ಹೋಗಿ ಕೂರುತ್ತೆ. ಅದನ್ನ ಕಂಡ ಕೂಡಲೇ ಟೋಪಿಯವರು ಹೋಗಿ ಕರೆದುಕೊಂಡು ಬರಬೇಕು. ನನ್ನ ಮಗಳು ಮೊದಲು ಈ ಶಾಲೆ ಸೇರಿದಾಗ ಭಾಷೆ ಬಾರದೆ ಅದೇ ಬೆಂಚಲ್ಲಿ ಕೂತಿದ್ದವಳು. ಟೋಪಿ ಸಿಕ್ಕ ದಿನ ಮನೆಗೆ ಬಂದು, "ಅಪ್ಪಾ, ನಾನು ಬೆಂಚನ್ನೇ ನೋಡ್ತಾ ಇದ್ದೆ" ಅಂದಳು. ಅವರಿಗೆ ಕುಂಟಾಬಿಲ್ಲೆ ಹೇಳಿಕೊಟ್ಟಿದ್ದಾಳೆ. ಆ ಆಟ ಅವರಲ್ಲೂ ಇದೆ, ಗೆರೆ ಹಾಕೋ ರೀತಿ ಬೇರೆ. ಎರಡನ್ನೂ ಸೇರಿಸಿ ಒಂದು ಹೊಸದು ಮಾಡಿಕೊಂಡಿದ್ದಾರಂತೆ.

ಗಾರ್ಮೆಂಟ್ಸ್ ಅಮ್ಮ

ವಾರಕ್ಕೆ ಒಂದು ದಿನ ಅಂದ್ರೆ ನಾನೂ ಒಪ್ತೀನಿ ಅಣ್ಣ. ನಮ್ಮ ಹುಡುಗಿಯನ್ನ ಕೇಳಿದೆ. "ತಮ್ಮನ ಥರ ಅಳದೇ ಇರೋರಾದ್ರೆ ಆಡಿಸ್ತೀನಿ" ಅಂದಳು. ಇನ್ನೊಂದು ಕೇಳ್ತೀನಿ, ಹುಡುಗರಿಗೂ ಇದನ್ನ ಕಡ್ಡಾಯ ಮಾಡಿ. ಚಿಕ್ಕ ಮಗುವಿನ ಮೂಗು ಒರೆಸೋದು, ಚಡ್ಡಿ ಗುಂಡಿ ಹಾಕೋದು ಅವರಿಗೂ ಬರಲಿ. ಮುಂದೆ ಅವರ ಮನೇಲಿ ಬರೋ ಹೆಣ್ಣಿಗೆ ಅನುಕೂಲ.

ಬಂಟ್ವಾಳದ ಟೀಚರ್

ನಮ್ಮದು ಕಿರಿಯ ಪ್ರಾಥಮಿಕ ಶಾಲೆ, ಒಟ್ಟು 23 ಮಕ್ಕಳು. ಇಲ್ಲಿ ದೊಡ್ಡವರು ಚಿಕ್ಕವರು ಅಂತ ಬೇರೆ ಮಾಡಿದರೆ ಎರಡು ಪಕ್ಷ ಕಟ್ಟಲಿಕ್ಕೂ ಜನ ಸಾಲದು. ಹಾಗಾಗಿ ಎಲ್ಲ ಒಟ್ಟಿಗೇ.

ನಾನು ಬರೆಯಲಿಕ್ಕೆ ಹೊರಟದ್ದು ಮಳೆಗಾಲದ ವಿಷಯ. ಜೂನ್‌ನಿಂದ ನಮ್ಮಲ್ಲಿ ಅಂಗಳಕ್ಕೆ ಇಳಿಯಲಿಕ್ಕಾಗುವುದಿಲ್ಲ. ಜಗಲಿಯ ಮೇಲೆಯೇ ಆಟ. ಐದನೆಯವರು ಮಂಜೊಟ್ಟಿ ಕಾಯಿ ಹೆಕ್ಕಿ ತಂದು ಚೆನ್ನೆಮಣೆ ಹೇಳಿಕೊಡುತ್ತಾರೆ. ನಿಮ್ಮ ಕಡೆ ಅಳಗುಳಿಮಣೆ ಅಂತೀರಲ್ಲ, ಅದೇ. ಮರದ ಮಣೆ ಒಂದೇ ಇರುವುದು, ಉಳಿದವರಿಗೆ ನೆಲದಲ್ಲಿ ಸೀಮೆಸುಣ್ಣದಿಂದ ಏಳೇಳು ಮನೆಯ ಎರಡು ಸಾಲು ಬರೆದರೆ ಆಯಿತು. ಒಂದನೆಯ ಮಗು ನಾಲ್ಕು ನಾಲ್ಕು ಕಾಯಿ ಹಾಕುತ್ತಾ ಹಾಕುತ್ತಾ ಎಣಿಕೆ ಕಲಿಯುತ್ತದೆ. ನಾನು ಮಣಿಚೌಕಟ್ಟಿನಲ್ಲಿ ಕಲಿಸಿದ್ದಕ್ಕಿಂತ ಬೇಗ.

ಕಣ್ಣಾಮುಚ್ಚಾಲೆಯಲ್ಲಿ ಕಣ್ಣು ಮುಚ್ಚಲಿಕ್ಕೆ ಒಬ್ಬಳು ಅಜ್ಜಿ ಇರುತ್ತಾಳಲ್ಲ? ಅವಳು ಓಡುವುದಿಲ್ಲ, ಅಡಗುವುದಿಲ್ಲ, ಆದರೆ ಅವಳಿಲ್ಲದೆ ಆಟ ಇಲ್ಲ. ನಮ್ಮಲ್ಲಿ ಕಾಲಿಗೆ ತೊಂದರೆ ಇರುವ ಒಬ್ಬಳು ಹುಡುಗಿ ಇದ್ದಾಳೆ. ಮೊದಲೆಲ್ಲ ಅವಳೇ ಯಾವಾಗಲೂ ಅಜ್ಜಿ. ಒಮ್ಮೆ ಅವಳು ನನ್ನ ಹತ್ತಿರ ಬಂದು, "ಟೀಚರ್, ನನಗೂ ಅಡಗಬೇಕು" ಅಂದಳು. ಅದರ ನಂತರ ಅಜ್ಜಿಯ ಕೆಲಸಕ್ಕೂ ಸರದಿ ಮಾಡಿದೆವು. ಅವಳು ಅಡಗುವ ಸರದಿಯಲ್ಲಿ ಅಜ್ಜಿಯಾದವರು ಎಣಿಕೆ ನಿಧಾನ ಮಾಡುತ್ತಾರೆ. ನಾನು ಹೇಳಿಕೊಟ್ಟದ್ದಲ್ಲ, ಅವರೇ ಮಾಡಿಕೊಂಡದ್ದು.

ಕ್ರಿಕೆಟ್ ಅಭಿಮಾನಿ

ಆ ಕ್ರಿಕೆಟ್ ಮೊದಲು ನಿಲ್ಲಿಸಿ ಮೇಡಂ. ಸಮಸ್ಯೆಯ ಬೇರೇ ಅದು. ಕ್ರಿಕೆಟ್ ಅಂದ್ರೆ ಪ್ರಾಣ ಬಿಡೋನು ನಾನು, ಆದರೂ ಹೇಳ್ತೀನಿ.

ಹಳೇ ವಿದ್ಯಾರ್ಥಿ, ಮೈಸೂರು

ನಿಲ್ಲಿಸಬೇಡಿ ಅಂತ ನನ್ನ ಕೋರಿಕೆ. ಕಸಿದುಕೊಂಡು ಕೊಟ್ಟ ಕೆಲಸವನ್ನ ಹುಡುಗರು ಪ್ರೀತಿಯಿಂದ ಮಾಡಲ್ಲ, ಸಿಟ್ಟು ಚಿಕ್ಕವರ ಮೇಲೆ ತೀರಿಸ್ತಾರೆ. ದಿನ ಹಂಚಿ, ಜಾಗ ಹಂಚಿ.

ಕೆಲವು ದಿನ ಕ್ರಿಕೆಟ್ ಬದಲು ಖೋ-ಖೋ ಇಡಿ. ಅದಕ್ಕೆ ಒಂದು ನೆಪವೂ ಇದೆ. 2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊದಲ ಖೋ-ಖೋ ವಿಶ್ವಕಪ್ ನಡೆದಾಗ ಗೆದ್ದ ಮಹಿಳಾ ತಂಡದಲ್ಲಿ ನಮ್ಮ ಟಿ. ನರಸೀಪುರ ತಾಲ್ಲೂಕಿನ ಕುರುಬೂರಿನ ಚೈತ್ರಾ ಇದ್ದರು. ಹಳ್ಳಿ ಹುಡುಗಿ ಅಂತ ಹೇಳಿ ನೋಡಿ, ಜಗಲಿ ಮೇಲೆ ಕೂತವರು ಎದ್ದು ಬರ್ತಾರೆ. ಎರಡು ಕಂಬ, ಸ್ವಲ್ಪ ಸುಣ್ಣ, ಅಷ್ಟೇ ಖರ್ಚು. ಸಮಗ್ರ ಶಿಕ್ಷಣ ಯೋಜನೆಯಲ್ಲಿ ಹಿರಿಯ ಪ್ರಾಥಮಿಕ ಶಾಲೆಗೆ ಕ್ರೀಡಾ ಸಾಮಗ್ರಿಗೆ ಅಂತ ವರ್ಷಕ್ಕೆ 10,000 ರೂಪಾಯಿವರೆಗೆ ಅವಕಾಶ ಇದೆ. ಅದರಲ್ಲಿ ಮೆತ್ತನೆ ಚೆಂಡು, ಹಗ್ಗ, ಆಡೋ ರಿಂಗ್ ಇವು ಚಿಕ್ಕವರಿಗೆ ಅಂತ ಬೇರೆ ತೆಗೆಸಿ. ಇಲ್ಲದಿದ್ದರೆ ಎಲ್ಲಾ ದುಡ್ಡು ವಾಲಿಬಾಲಿಗೇ ಹೋಗುತ್ತೆ.

ಹಾಸನದ ಟೀಚರ್

ಸಂಕ್ರಾಂತಿ ಕಳೆಯಿತು. ಕೇಳಿ ಸುಮ್ಮನಾಗಿಬಿಟ್ಟಳು ಅಂತ ಅಂದ್ಕೋಬೇಡಿ, ನಡೆದಿದ್ದನ್ನೆಲ್ಲ ಬರೀತೀನಿ.

ಹಳೇ ಪಟ್ಟಿ ಹರಿದು ಹಾಕಿದೆ. ಆರು-ಏಳನೇ ತರಗತಿಯ 27 ಮಕ್ಕಳಿಗೂ ಹೇಳಿ, ಇಷ್ಟ ಇದ್ದವರು ಚೀಟಿ ಬರೆದು ಕೊಡಿ ಅಂದೆ. 19 ಚೀಟಿ ಬಂತು, ಅದರಲ್ಲಿ ಒಂಬತ್ತು ಹುಡುಗರದ್ದು. ಜೋಡಿ ಮಾಡಿದೆವು, ಒಬ್ಬ ಹುಡುಗ ಒಬ್ಬಳು ಹುಡುಗಿ. ಮಿಕ್ಕಿದ ಒಬ್ಬಳು, ಯಾರು ಬರಲಿಲ್ಲವೋ ಅವರ ಬದಲಿಗೆ. ವಾರಕ್ಕೆ ಒಂದೇ ಪಾಳಿ. ಶಾಲಾ ಸಂಸತ್ತಿನ ಕ್ರೀಡಾ ಮಂತ್ರಿಯೇ ಸರದಿ ಪಟ್ಟಿ ಬರೆದು ಗೋಡೆಗೆ ಅಂಟಿಸ್ತಾನೆ. ಅವನಿಗೆ ಪ್ರಮಾಣವಚನ ತಗೊಂಡ ಮೇಲೆ ಸಿಕ್ಕ ಮೊದಲನೇ ಕೆಲಸ ಇದು.

ಕ್ರಿಕೆಟ್ ನಿಲ್ಲಿಸಲಿಲ್ಲ. ಬಾವಿ ಕಡೆಯ ಮೂಲೆಗೆ ಸರಿಸಿದೆವು, ಮಂಗಳವಾರ ಗುರುವಾರ ಬಯಲು ಪೂರ್ತಿ ಖೋ-ಖೋಗೆ. ಮೊದಲ ವಾರ ಹುಡುಗರು ಗೊಣಗಿದರು. ಮೂರನೇ ವಾರಕ್ಕೆ ಖೋ-ಖೋದಲ್ಲಿ ಹುಡುಗಿಯರು ಅವರನ್ನ ಸೋಲಿಸಿದ ಮೇಲೆ ಗೊಣಗೋದು ನಿಂತು ಅಭ್ಯಾಸ ಶುರುವಾಯ್ತು.

ನಾವು ನಾಲ್ಕು ಜನ ಸರದಿ ಮೇಲೆ ಬಯಲಲ್ಲಿ ನಿಲ್ತೀವಿ. ಇದನ್ನ ಒಪ್ಪಿಸೋದೇ ಎಲ್ಲಕ್ಕಿಂತ ಕಷ್ಟವಾಯ್ತು, ದಾಖಲೆ ಕೆಲಸ ಅಷ್ಟಿದೆ. ಈಗಲೂ ಕೆಲವು ದಿನ ತಪ್ಪುತ್ತೆ. ತಪ್ಪಿದ ದಿನ ಆಡಿಸೋದಿಲ್ಲ, ಮಕ್ಕಳು ಜಗಲಿ ಮೇಲೆ ಕೂತು ಕಲ್ಲಾಟ ಆಡ್ತಾರೆ. ಎಸ್‌ಡಿಎಂಸಿ ಸರ್, ನಿಮ್ಮ ಆ ಹುಡುಗನನ್ನ ನೆನೆಸಿಕೊಂಡೇ ಈ ನಿಯಮ ಮಾಡಿದ್ದು.

ಹೊಂಗೆ ಕೋಲಿನ ಹುಡುಗನ ಕೈಗೆ ಸುಣ್ಣದ ಡಬ್ಬಿ ಕೊಟ್ಟೆ, ಮೇಷ್ಟ್ರೇ. ಮೊದಲ ದಿನ ವೃತ್ತ ಸೊಟ್ಟ ಬಂತು ಅಂತ ಅಳಿಸಿ ಅಳಿಸಿ ಮೂರು ಸಲ ಹಾಕಿದ. ಆಮೇಲೆ ಎಲ್ಲಿಂದಲೋ ಗೂಟ, ಹಗ್ಗ ತಂದು, ಗೂಟಕ್ಕೆ ಕಟ್ಟಿ ಸುತ್ತ ನಡೆದು ಹಾಕಿದ. ಗಣಿತದಲ್ಲಿ ಕೈವಾರದ ಪಾಠ ಬಂದಾಗ ಇಡೀ ತರಗತಿಗೆ ಅವನೇ ವಿವರಿಸಿದ. ಚಿಕ್ಕ ಮಕ್ಕಳು ಅವನನ್ನ "ಸುಣ್ಣದಣ್ಣ" ಅಂತ ಕರೀತಾರೆ.

ಆಗ ಶಾಲೆಗೆ ಬಂದು ಕೇಳಿದ್ದ ಆ ತಾಯಿಯೂ ಮೊನ್ನೆ ಮತ್ತೆ ಬಂದಿದ್ದರು. ಈಗ ವಾರಕ್ಕೊಂದೇ ದಿನ ಅಂತ ಹೇಳಿದೆ. "ಗೊತ್ತು ಮಿಸ್, ಬುಧವಾರ ಬೇಗ ಎದ್ದು ತಲೆ ಬಾಚ್ಕೋತಾಳೆ" ಅಂದರು.

ಈಗ ಹೊಸ ಚಿಂತೆ. ಮಾರ್ಚ್ ಮುಗಿದರೆ ಏಳನೇ ತರಗತಿಯವರು ಹೈಸ್ಕೂಲಿಗೆ ಹೋಗ್ತಾರೆ. ಅರ್ಧಕ್ಕರ್ಧ ಜನ ಅವರೇ. ಐದನೇ ತರಗತಿಯವರನ್ನ ಈಗಿಂದಲೇ ಕಲಿಸೋಕೆ ಬಿಡಬಹುದಾ ಮೇಷ್ಟ್ರೇ, ಅಥವಾ ಬೇಗ ಆಯ್ತಾ?

ನಿವೃತ್ತ ಪಿಟಿ ಮೇಷ್ಟ್ರು, ತುಮಕೂರು

ಬೇಗ ಅಲ್ಲ, ಇದೇ ಸರಿಯಾದ ಕಾಲ. ಆದರೆ ನೀವು ಕಲಿಸಬೇಡಿ. ಸುಣ್ಣದಣ್ಣನ ಕೈಲೇ ಕಲಿಸಿ.

ಬಂಟ್ವಾಳದ ಟೀಚರ್

ಜೂನ್‌ಗೆ ಮೊದಲು ನಿಮ್ಮ ಐದನೆಯವರಿಗೆ ಮಂಜೊಟ್ಟಿ ಕಾಯಿ ಕಳುಹಿಸುತ್ತೇನೆ. ಒಂದು ಮಣೆಗೆ 56 ಬೇಕು. ಎಷ್ಟು ಮಣೆ ಅಂತ ಎಣಿಸಿ ಹೇಳಿ, ನಮ್ಮ ಮಕ್ಕಳು ಈಗಿನಿಂದಲೇ ಹೆಕ್ಕಿ ಇಡುತ್ತಾರೆ.